ಜೋಕ್ ಹೇಳಿದರಷ್ಟೇ ಮಿಠಾಯಿ

26 ಅಕ್ಟೋಬರ್ 2024, ಶನಿವಾರ
ಡಿಮಾಯ್ನ್, ಅಯೋವಾ

ತಮ್ಮನ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಹಬ್ಬದ ಸಾಮಾನು ಕಲೆತುಹೋಗಿದೆ. ಹಣತೆ, ಹರಳೆಣ್ಣೆ, ಸೀಗೆಪುಡಿ ಒಂದು ಕಡೆ. ಹೈ-ವೀ ಅಂಗಡಿಯ ಮಿಠಾಯಿ ಚೀಲ, ಪ್ಲಾಸ್ಟಿಕ್ ಜೇಡ, ಹತ್ತಿಯ ಜೇಡರಬಲೆ ಇನ್ನೊಂದು ಕಡೆ. ಈ ಸಲ ನರಕ ಚತುರ್ದಶಿಯೂ ಹ್ಯಾಲೋವೀನೂ 31ರ ಗುರುವಾರವೇ ಬಂದಿವೆ. ಬೆಳಿಗ್ಗೆ ಎಣ್ಣೆಸ್ನಾನ, ಸಂಜೆ ದೆವ್ವ ಅಂತ ತಮ್ಮ ನಗುತ್ತಾನೆ.

ಆದರೆ ಈ ಊರಿನಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗುತ್ತ ಬಂದಿರುವುದು 31ಕ್ಕಲ್ಲ, 30ಕ್ಕೆ. ಸಂಜೆ ಆರರಿಂದ ಎಂಟು, ಅಷ್ಟೇ. ಅದರ ಹೆಸರು ಬೆಗರ್ಸ್ ನೈಟ್. ಅಮೆರಿಕದ ಬೇರೆ ಊರಿನವರಿಗೆ ಹೇಳಿದರೆ ನಂಬುವುದಿಲ್ಲ. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. ಇಲ್ಲಿ ಚೀಲ ಒಡ್ಡಿದ ಕೂಡಲೇ ಮಿಠಾಯಿ ಬೀಳುವುದಿಲ್ಲ. ಮೊದಲು ಒಂದು ಜೋಕ್ ಹೇಳಬೇಕು.

ಈ ಪದ್ಧತಿ ಹುಟ್ಟಿದ್ದು 1938ರ ನಂತರ. ಆ ವರ್ಷದ ಹ್ಯಾಲೋವೀನ್ ರಾತ್ರಿ ಊರಿನ ಪಡ್ಡೆ ಹುಡುಗರ ಹಾವಳಿ ಎಷ್ಟಿತ್ತೆಂದರೆ ಪೊಲೀಸರಿಗೆ 500ಕ್ಕೂ ಹೆಚ್ಚು ದೂರುಗಳು ಬಂದವಂತೆ. ಊರಿನ ಮಕ್ಕಳ ಆಟಪಾಟದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಕ್ಯಾಥರಿನ್ ಕ್ರೀಗ್ ಎಂಬಾಕೆ ಒಂದು ಉಪಾಯ ಮಾಡಿದರು. ಹಿಂದಿನ ದಿನವೇ ಮಕ್ಕಳು ಬಾಗಿಲಿಗೆ ಬರಲಿ, ಹಾಡೋ ಪದ್ಯವೋ ಜೋಕೋ ಏನಾದರೂ ಒಪ್ಪಿಸಲಿ, ಆಮೇಲೆ ತಿಂಡಿ ಕೊಡೋಣ. ಕಿತ್ತು ತಿನ್ನುತ್ತಿದ್ದವರಿಗೆ ದುಡಿದು ತಿನ್ನುವುದನ್ನು ಕಲಿಸಿದ ಮಹಾತಾಯಿ. ನನ್ನ ಬಾಲ್ಯದ ಅರ್ಧ ಸುಖಕ್ಕೆ ಆಕೆಗೇ ಋಣಿ.

ನಿದ್ದೆ ಇನ್ನೂ ಮೈಸೂರಿನ ಗಡಿಯಾರದಲ್ಲೇ ಇದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಬರೆಯಲು ಒಳ್ಳೆಯ ಹೊತ್ತು.

27 ಅಕ್ಟೋಬರ್, ಭಾನುವಾರ

ಮಧ್ಯಾಹ್ನವೆಲ್ಲ ಕುಂಬಳಕಾಯಿ ಕೆತ್ತಿದೆವು. ಹಿತ್ತಿಲಿನ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ತೊಟ್ಟಿನ ಸುತ್ತ ಮುಚ್ಚಳದಂತೆ ಕೊರೆದು, ಒಳಗಿನ ನಾರು, ಬೀಜ ತೋಡಿ ತೆಗೆಯುವುದು ದೊಡ್ಡವರ ಕೆಲಸ. ಕಣ್ಣು, ಮೂಗು, ಹಲ್ಲು ಬರೆಯುವುದು ಮಕ್ಕಳ ಕೆಲಸ. ನನ್ನ ಸೊಸೆ, ತಮ್ಮನ ಮಗಳಿಗೆ ಎಂಟು ವರ್ಷ. ಅವಳ ಕುಂಬಳಕ್ಕೆ ಎರಡೇ ಹಲ್ಲು. "ಇದಕ್ಕೆ ಹಾಲುಹಲ್ಲು ಬಿದ್ದಿದೆ ಅತ್ತೆ" ಅಂದಳು.

ನಾವು ಇಲ್ಲಿಗೆ ಬಂದದ್ದು 1981ರ ಬೇಸಿಗೆಯಲ್ಲಿ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಮುಸುಕಿನ ಜೋಳದ ತಳಿಗಳ ಮೇಲೆ ಕೆಲಸ ಮಾಡುತ್ತಿದ್ದ ಅಪ್ಪನಿಗೆ ಈ ಜೋಳದ ಸೀಮೆಯ ಬೀಜದ ಕಂಪನಿಯಲ್ಲಿ ನೌಕರಿ ಸಿಕ್ಕಿತ್ತು. ನನಗೆ ಆರು ವರ್ಷ, ತಮ್ಮನಿಗೆ ಮೂರು. ಆ ಅಕ್ಟೋಬರಿನಲ್ಲಿ ಪಕ್ಕದ ಮನೆಯವರು ಒಂದು ದೊಡ್ಡ ಕುಂಬಳಕಾಯಿ ತಂದುಕೊಟ್ಟರು. ಅಮ್ಮನಿಗೆ ಹಿಡಿಸಲಾರದ ಖುಷಿ. ಇಡೀ ಸಿಹಿಗುಂಬಳ ಯಾರಾದರೂ ಹಾಗೆ ಪುಕ್ಕಟೆ ಕೊಡುತ್ತಾರೆಯೇ! ಹೆಂಗಸರು ಇಡೀ ಕುಂಬಳವನ್ನು ಮೊದಲು ಹೆಚ್ಚಬಾರದು ಅಂತ ಅಪ್ಪನ ಕೈಯಲ್ಲಿ ಒಂದು ಏಟು ಹಾಕಿಸಿ, ಅರ್ಧವನ್ನು ಹುಳಿಗೆ ಹಾಕಿದಳು. ಹುಳಿ ನೀರುನೀರು, ಹೋಳುಗಳಿಗೆ ರುಚಿಯೂ ಇಲ್ಲ, ಸಿಹಿಯೂ ಇಲ್ಲ. ಅಪ್ಪ ತಟ್ಟೆಯ ಮುಂದೆಯೇ ಪಾಠ ಶುರುಮಾಡಿದರು. ಇದು ಹೌಡನ್ ಜಾತಿ, ಕೆತ್ತಲಿಕ್ಕೆಂದೇ ಮ್ಯಾಸಚೂಸೆಟ್ಸ್‌ನ ರೈತನೊಬ್ಬ ಬೆಳೆಸಿದ್ದು. ಗಟ್ಟಿ ತೊಟ್ಟು, ನಿಲ್ಲುವ ಬುಡ, ಚಂದದ ಬಣ್ಣ, ಅಷ್ಟೇ ಇದರ ಯೋಗ್ಯತೆ. ನಮ್ಮ ಊರಿನ ಸಿಹಿಗುಂಬಳದ ಪ್ರಭೇದವೇ ಬೇರೆ. ಅಮ್ಮ ಕೇಳಿಸಿಕೊಂಡು, "ಹಾಗಾದರೆ ತಿನ್ನಲಿಕ್ಕಾಗದ ತರಕಾರೀನ ಯಾಕ್ರೀ ಬೆಳೀತಾರೆ?" ಅಂದಳು. ಅದಕ್ಕೆ ಅಪ್ಪನ ಹತ್ತಿರ ಉತ್ತರ ಇರಲಿಲ್ಲ.

ಮರುದಿನ ಪಕ್ಕದ ಮನೆಯ ಜಗುಲಿಯ ಮೇಲೆ ಕೋರೆಹಲ್ಲಿನ ಕುಂಬಳಕಾಯಿಯ ಹೊಟ್ಟೆಯಲ್ಲಿ ಮೇಣದಬತ್ತಿ ಉರಿಯುವುದನ್ನು ನೋಡಿದ ಮೇಲೆ ಅಮ್ಮನೇ ಉತ್ತರ ಕಂಡುಕೊಂಡಳು. "ಅಯ್ಯೋ, ಇದು ದೃಷ್ಟಿಬೊಂಬೆ ಅಲ್ವಾ!" ಅಲ್ಲಿಗೆ ಹ್ಯಾಲೋವೀನ್ ನಮ್ಮ ಮನೆಯೊಳಗೆ ಬಂತು. ಮುಂದಿನ ವರ್ಷದಿಂದ ಬಾಗಿಲ ಎರಡೂ ಪಕ್ಕ ಕೆಟ್ಟ ಮುಖದ ಕುಂಬಳಕಾಯಿ ಕಡ್ಡಾಯ.

ಅಮ್ಮನ ಊಹೆ ಪೂರ್ತಿ ಸುಳ್ಳಲ್ಲ. ಐರ್ಲೆಂಡಿನವರು ಈ ರಾತ್ರಿ ಕೆಟ್ಟದ್ದು ಹತ್ತಿರ ಬಾರದಿರಲೆಂದು ಟರ್ನಿಪ್ ಗಡ್ಡೆಗಳನ್ನು ಕೊರೆದು ದೀಪ ಇಡುತ್ತಿದ್ದರು. ವಲಸೆ ಬಂದವರಿಗೆ ಇಲ್ಲಿ ಕುಂಬಳ ಸಿಕ್ಕಿತು. ಟರ್ನಿಪ್ ಕೊರೆಯುವ ಪಾಡು ಬಲ್ಲವರು ಯಾರೂ ಹಿಂದಿರುಗಿ ನೋಡಿರಲಾರರು.

ಬೀಜಕ್ಕೆ ಉಪ್ಪು, ಅಚ್ಚಖಾರದ ಪುಡಿ ಹಾಕಿ ಓವನ್ನಿನಲ್ಲಿ ಹುರಿದೆ. ಅಮ್ಮನ ಕ್ರಮ. ರಾತ್ರಿಯೊಳಗೆ ಖಾಲಿ.

29 ಅಕ್ಟೋಬರ್, ಮಂಗಳವಾರ

ನಾಳೆ ಗುಡುಗು, ಬಿರುಗಾಳಿ, ಮಳೆಯ ಮುನ್ಸೂಚನೆ. ಬೆಗರ್ಸ್ ನೈಟನ್ನು 31ಕ್ಕೆ ಮುಂದೂಡಿದ್ದಾರೆ! ಇಂಥದ್ದು ಹಿಂದೆಂದೂ ಆಗಿರಲಿಲ್ಲವಂತೆ. ಸೊಸೆ ಅಳುಮುಖ ಮಾಡಿಕೊಂಡು ಕೂತಿದ್ದಳು. ಒಂದು ದಿನ ಕಾಯುವುದು ಎಂಟರ ವಯಸ್ಸಿನಲ್ಲಿ ಸಣ್ಣ ಶಿಕ್ಷೆಯಲ್ಲ. ಅವಳಿಗೆ ನಮ್ಮ ಕಾಲದ ಕಥೆ ಹೇಳಿದೆ. ಕಾಲು ಭಾಗ ನಂಬಿದಳು.

ಮೊದಲ ವರ್ಷ ಅಮ್ಮ ಕಳಿಸಲು ಸುತರಾಂ ಒಪ್ಪಿರಲಿಲ್ಲ. "ತಿರುಪೆ ಎತ್ತೋಕೆ ಅಮೆರಿಕಕ್ಕೆ ಬರಬೇಕಿತ್ತಾ?" ಅಪ್ಪ ಮೆಲ್ಲಗೆ, "ನಿಮ್ಮಪ್ಪ ಮೈಸೂರಲ್ಲಿ ವಾರಾನ್ನ ಮಾಡ್ಕೊಂಡೇ ಅಲ್ವಾ ಓದಿದ್ದು?" ಅಂದರು. ತಾತ ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ವಿಷಯ ಅಮ್ಮನಿಗೆ ಹೆಮ್ಮೆಯದು. ಮಾತು ನಿಂತಿತು. ಆದರೆ ಸ್ವೆಟರು, ಮಂಕಿ ಕ್ಯಾಪು, ಮೇಲೊಂದು ದಪ್ಪ ಕೋಟು ಹಾಕಿಸಿಯೇ ಕಳಿಸಿದಳು. ಅಂಗಡಿಯಿಂದ ಡಬ್ಬಿಯಲ್ಲಿ ತಂದಿದ್ದ ವೇಷದಲ್ಲಿ ರಟ್ಟಿನಂತೆ ಸದ್ದು ಮಾಡುವ ಹೊದಿಕೆ ಕೋಟಿನ ಕೆಳಗೆ ಮುಚ್ಚಿಹೋಯಿತು, ಹೊರಗೆ ಉಳಿದದ್ದು ಪ್ಲಾಸ್ಟಿಕ್ ಮುಖವಾಡ ಮಾತ್ರ. ಮುಖವಾಡದ ರಬ್ಬರು ಎರಡನೆಯ ಮನೆಯಲ್ಲೇ ಕಿತ್ತುಬಂತು. ಬಾಯಿಯ ಸೀಳಿನಲ್ಲಿ ನಾಲಿಗೆ ತೂರಿಸಿ ತುದಿ ಗೀರಿಕೊಂಡದ್ದು ಈಗಲೂ ನೆನಪಿದೆ. ಆ ಕಾಲದ ಮಕ್ಕಳೆಲ್ಲ ಅದನ್ನು ಮಾಡಿದ್ದಾರೆ.

ಜೋಕಿನ ಕಥೆ ಇನ್ನೂ ದೊಡ್ಡದು. ನನ್ನ ಇಂಗ್ಲಿಷ್ ಆಗ ಎರಡು ತಿಂಗಳ ಕೂಸು. ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಜೋಕು: ಅಸ್ಥಿಪಂಜರ ಪಾರ್ಟಿಗೆ ಯಾಕೆ ಹೋಗಲಿಲ್ಲ? ಜೊತೆಗೆ ನೋ ಬಾಡಿ. ಅದರಲ್ಲಿ ನಗುವುದು ಏನಿದೆ ಅಂತ ನನಗೆ ಗೊತ್ತಾಗಲಿಲ್ಲ. ಅಪ್ಪ ಒಂದು ಊರಿನ ಜೋಕನ್ನು ಇಂಗ್ಲಿಷಿಗೆ ಇಳಿಸಿ ಬಾಯಿಪಾಠ ಮಾಡಿಸಿದರು. ಮೇಷ್ಟ್ರು ಕೇಳುತ್ತಾರೆ, ಯಾಕೋ ತಡ? ಹುಡುಗ ಹೇಳುತ್ತಾನೆ, ದಾರಿಯಲ್ಲಿ 'ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ' ಅಂತ ಬೋರ್ಡ್ ಹಾಕಿದ್ದಾರೆ ಸಾರ್.

ಮೊದಲ ಮನೆ. ಬೀವರ್‌ಡೇಲ್ ಬಡಾವಣೆಯ ಇಟ್ಟಿಗೆ ಮನೆಗಳಲ್ಲಿ ಒಂದು. ಬಾಗಿಲು ತೆರೆದ ಅಜ್ಜ ನಡು ಬಗ್ಗಿಸಿ, ಕಿವಿ ನನ್ನ ಬಾಯಿಯ ಹತ್ತಿರ ತಂದು ನಿಂತ. ಒಂದೇ ಉಸಿರಿಗೆ ಒದರಿದೆ. ಅಜ್ಜ ಒಂದು ಕ್ಷಣ ಸುಮ್ಮನಿದ್ದು, ಹೊಟ್ಟೆ ಹಿಡಿದು ನಕ್ಕು, ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದು, "ಇನ್ನೊಂದು ಸಲ ಹೇಳಮ್ಮ" ಅಂದ. ಶಾಲೆಯಲ್ಲಿ ಆವರೆಗೆ ನನ್ನ ಮಾತನ್ನು ಯಾರೂ ಎರಡನೆಯ ಸಲ ಕೇಳಿದ್ದರೆ ಅದು ಅರ್ಥವಾಗದ ಕಾರಣಕ್ಕೆ. ಖುಷಿಗಾಗಿ ಕೇಳಿದ್ದು ಆ ಅಜ್ಜನೇ ಮೊದಲು. ಆ ಬೀದಿಯ ಪ್ರತಿ ಮನೆಯಲ್ಲೂ ಆ ಜೋಕು ಹೇಳಿದೆ. ಎಂಟು ಗಂಟೆಗೆ ಮನೆಗೆ ಬರುವಾಗ ನನ್ನ ಇಂಗ್ಲಿಷಿಗೆ ಧೈರ್ಯ ಬಂದಿತ್ತು.

ತಮ್ಮನ ಸರದಿ ಬಂದಾಗ ಅವನಿಗೆ ಅಮ್ಮನ ಕಥೆಗಳೇ ಬೇಕಾದವು. ತೆನಾಲಿ ರಾಮಕೃಷ್ಣನ ಬೆಕ್ಕು! ಕೃಷ್ಣದೇವರಾಯ ಎಲ್ಲರಿಗೂ ಬೆಕ್ಕು ಹಂಚಿದ್ದು, ಹಾಲಿಗೆಂದು ಹಸು ಕೊಟ್ಟದ್ದು, ರಾಮಕೃಷ್ಣ ಕಾದ ಹಾಲು ಇಟ್ಟು ಬೆಕ್ಕಿನ ಬಾಯಿ ಸುಡಿಸಿದ್ದು, ಬೆಕ್ಕು ಹಾಲು ಕಂಡರೆ ಓಡಿದ್ದು. ಪೂರ್ತಿ ಕಥೆ, ಅರ್ಧ ಕನ್ನಡದಲ್ಲಿ, ಚಳಿಯಲ್ಲಿ, ತೆರೆದ ಬಾಗಿಲಲ್ಲಿ. ಹಿಂದೆ ರಾಕ್ಷಸರ, ರಾಜಕುಮಾರಿಯರ ಸಾಲು ನಿಂತಿದೆ. ಇವನು ಹಸುವಿಗೆ ಹುಲ್ಲು ಹಾಕುವ ಪ್ರಸಂಗ ಬಿಡುತ್ತಿಲ್ಲ. ಒಬ್ಬಾಕೆಯೂ ನಡುವೆ ಸಾಕು ಅನ್ನಲಿಲ್ಲ.

ಮನೆಗೆ ಬಂದ ಮೇಲೆ ನೆಲದ ಮೇಲೆ ಚೀಲ ಸುರಿಯುವುದು, ಅಮ್ಮನ ತಪಾಸಣೆ. 1982ರಲ್ಲಿ ಅದು ತುಂಬಾ ಬಿಗಿಯಾಗಿತ್ತು. ಶಿಕಾಗೋದ ಸುತ್ತ ಯಾರೋ ಟೈಲೆನಾಲ್ ಮಾತ್ರೆಗಳಿಗೆ ಸಯನೈಡ್ ಬೆರೆಸಿ ಏಳು ಜನ ಸತ್ತು ತಿಂಗಳಾಗಿತ್ತು. ಮನೆಯಲ್ಲಿ ಮಾಡಿದ ಪಾಪ್‌ಕಾರ್ನ್ ಉಂಡೆ, ಸೇಬು ನೇರ ಕಸಕ್ಕೆ. ಹೊದಿಕೆ ಚೂರು ಹರಿದಿದ್ದರೂ ಕಸಕ್ಕೆ. ಅಪರಿಚಿತರು ಹ್ಯಾಲೋವೀನ್ ಮಿಠಾಯಿಗೆ ವಿಷ ಹಾಕಿ ಮಕ್ಕಳನ್ನು ಕೊಂದ ಒಂದು ಪ್ರಕರಣವೂ ದಶಕಗಳ ವರದಿಗಳಲ್ಲಿ ಸಿಗಲಿಲ್ಲವೆಂದು ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಆಮೇಲೆ ತೋರಿಸಿಕೊಟ್ಟರು. ಅಮ್ಮನಿಗೆ ಅದನ್ನು ಹೇಳಿ ಪ್ರಯೋಜನವಿರಲಿಲ್ಲ.

ಇನ್ನೊಂದು ಗುಡ್ಡೆ ಜೆಲಟಿನ್ ಇರುವವಕ್ಕೆ. ಅದು ಎಲುಬಿನಿಂದ ಬರುವುದು ಅಂತ ಅಪ್ಪ ಬಾಯಿತಪ್ಪಿ ಹೇಳಿದ್ದರಿಂದ ಮೆತ್ತನೆಯ ಮಿಠಾಯಿಗಳೆಲ್ಲ ನಿಷಿದ್ಧ. ಅವನ್ನು ನನ್ನ ತರಗತಿಯ ತಾಯ್ ಡಾಮ್ ಗೆಳತಿಗೆ ಕೊಟ್ಟು ಕಡಲೆಕಾಯಿ ಬೆಣ್ಣೆಯ ರೀಸಸ್ ತೆಗೆದುಕೊಳ್ಳುತ್ತಿದ್ದೆ. ಅವಳ ಜನ ಲಾವೋಸಿನಿಂದ ಓಡಿಬಂದ ನಿರಾಶ್ರಿತರು. 1975ರಲ್ಲಿ ಗವರ್ನರ್ ರಾಬರ್ಟ್ ರೇ ಅವರನ್ನೆಲ್ಲ ಅಯೋವಾಕ್ಕೆ ಬರಮಾಡಿಕೊಂಡಿದ್ದರು. ಅವಳದೂ ನನ್ನಂತೆಯೇ ಬಾಯಿಪಾಠದ ಜೋಕು.

30 ಅಕ್ಟೋಬರ್, ಬುಧವಾರ

ಮಳೆ. ನೀರು ತುಂಬುವ ಹಬ್ಬ. ತಮ್ಮನ ಮನೆಯಲ್ಲಿ ಹಂಡೆ ಇಲ್ಲ, ಬಚ್ಚಲಲ್ಲಿ ಬಕೆಟ್ಟಿಗೆ ರಂಗೋಲಿ ಬಿಟ್ಟು ಮಾವಿನೆಲೆಯ ಬದಲು ಮೇಪಲ್ ಎಲೆ ಕಟ್ಟಿದೆವು. ಮೈಸೂರಿನಿಂದ ಅಮ್ಮ ವಿಡಿಯೋದಲ್ಲಿ ನೋಡಿ, "ಕೆಂಪಗಿದೆ, ಲಕ್ಷಣವಾಗಿದೆ ಬಿಡು" ಅಂದಳು.

ಈ ತಾರೀಖಿನಲ್ಲಿ 1984 ಬರೆಯದೆ ಇರಲಾಗದು.

ಆ ವರ್ಷ ನಾನು ದೆವ್ವ ಆಗಬೇಕೆಂದು ಹಟ ಹಿಡಿದಿದ್ದೆ. ಇಲ್ಲಿನ ದೆವ್ವ ಹಾಸಿಗೆಯ ಬಟ್ಟೆಗೆ ಎರಡು ತೂತು ಮಾಡಿ ಹೊದ್ದರೆ ಆಯಿತು. ಅಮ್ಮ ಹೊಸ ಬಟ್ಟೆಗೆ ಕತ್ತರಿ ಹಾಕಲು ಒಪ್ಪಲಿಲ್ಲ. ಅಪ್ಪನ ನೀಲಿ ಅಂಚಿನ ಬಿಳಿ ಪಂಚೆ ತೆಗೆದು, ತಲೆಯ ಮೇಲಿಂದ ಕಾಲಿನವರೆಗೆ ಸುತ್ತಿ ಪಿನ್ನು ಹಾಕಿದಳು. ನಮ್ಮ ದೆವ್ವಕ್ಕೆ ಕಾಲು ಹಿಂದುಮುಂದು ಇರುತ್ತದೆ ಅಂತ ಚಪ್ಪಲಿ ತಿರುಗಿಸಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ಬಿದ್ದೆ. ಹೊರಗೆ ಹೋದರೆ ಮೊದಲ ಮನೆಯಾಕೆ ಕೈಮುಗಿದು, "ಓ, ಮದರ್ ತೆರೇಸಾ!" ಮುಂದಿನ ಮನೆಯಲ್ಲೂ ಅದೇ. ಮೊದಮೊದಲು ಅಳು ಬಂತು. ಮದರ್ ತೆರೇಸಾಗೆ ಎರಡೆರಡು ಮಿಠಾಯಿ ಕೊಡುತ್ತಾರೆಂದು ಗೊತ್ತಾದ ಮೇಲೆ ತಿದ್ದುವುದನ್ನು ಬಿಟ್ಟೆ.

ಅಪ್ಪಂದಿರೆಲ್ಲ ಆ ವರ್ಷ ಮಕ್ಕಳ ಜೊತೆಯಲ್ಲೇ ಇದ್ದರು. ಬೆಳಗಿನ ಜಾವ ಪತ್ರಿಕೆ ಹಾಕಲು ಹೋದ ಹುಡುಗನೊಬ್ಬ 1982ರಲ್ಲಿ ಕಾಣೆಯಾಗಿದ್ದ, 1984ರ ಆಗಸ್ಟಿನಲ್ಲಿ ಇನ್ನೊಬ್ಬ. ಊರಿನ ಆಂಡರ್ಸನ್ ಎರಿಕ್ಸನ್ ಡೈರಿಯವರು ಸೆಪ್ಟೆಂಬರಿನಿಂದ ಆ ಇಬ್ಬರ ಫೋಟೋಗಳನ್ನು ಹಾಲಿನ ಡಬ್ಬಿಯ ಮೇಲೆ ಅಚ್ಚು ಮಾಡುತ್ತಿದ್ದರು. ಬೆಳಿಗ್ಗೆ ಹಾಲು ಬಗ್ಗಿಸಿಕೊಳ್ಳುವಾಗ ಅವರು ನಮ್ಮನ್ನೇ ನೋಡುತ್ತಿದ್ದರು. ಇಬ್ಬರೂ ಈವರೆಗೆ ಸಿಕ್ಕಿಲ್ಲ. ದೆವ್ವದ ವೇಷದ ಮಕ್ಕಳಿಗೆ ಆಗ ನಿಜವಾಗಿ ಭಯವಾಗುತ್ತಿದ್ದದ್ದು ಹಾಲಿನ ಡಬ್ಬಿಗೆ.

ಆ ಸಂಜೆ ಹತ್ತಿರದ ಏಮ್ಸ್ ಊರಿನ ವಿಶ್ವವಿದ್ಯಾಲಯದಿಂದ ಒಂದು ಸಿಖ್ ಕುಟುಂಬ ನಮ್ಮ ಮನೆಗೆ ಬಂದಿತ್ತು, ಮಕ್ಕಳಿಗೆ ಡಿಮಾಯ್ನ್‌ನ ಬೆಗರ್ಸ್ ನೈಟ್ ತೋರಿಸಲೆಂದು. ಬೀದಿಯಲ್ಲಿ ಕಡಲ್ಗಳ್ಳನ ವೇಷದ ಹುಡುಗನೊಬ್ಬ ಸಿಖ್ ಅಂಕಲ್ ಅವರ ಪೇಟ ನೋಡಿ, "ನಿಮ್ಮ ವೇಷವೇ ಎಲ್ಲಕ್ಕಿಂತ ಚೆನ್ನಾಗಿದೆ" ಅಂದ. ಅವನಿಗೆ ಏಳೋ ಎಂಟೋ ವರ್ಷ. ಅಂಕಲ್ ಜೋರಾಗಿ ನಕ್ಕು ಅವನ ಕೈ ಕುಲುಕಿದರು. ಅಮ್ಮ ಎಲ್ಲರಿಗೂ ಬಿಸಿಬೇಳೆಭಾತ್ ಬಡಿಸಿದಳು. ಒಂಬತ್ತಕ್ಕೆ ಅವರು ಹೊರಟರು.

ದೆಹಲಿಯಲ್ಲಿ ಇಂದಿರಾ ಗಾಂಧಿಗೆ ಗುಂಡು ಹೊಡೆದದ್ದು 31ರ ಬೆಳಿಗ್ಗೆ ಸುಮಾರು 9.20ಕ್ಕೆ. ಅಯೋವಾದಲ್ಲಿ ಅದಿನ್ನೂ 30ರ ರಾತ್ರಿ 9.50. ನಾವು ಮಿಠಾಯಿ ಗುಡ್ಡೆ ಮಾಡಿ ಮಲಗಿದ ಹೊತ್ತು. ರಾತ್ರಿ ಫೋನು ಹೊಡೆದುಕೊಂಡದ್ದು ನಿದ್ದೆಗಣ್ಣಿನಲ್ಲಿ ಕೇಳಿಸಿತ್ತು. ಬೆಳಿಗ್ಗೆ ಎದ್ದರೆ ಅಪ್ಪ ರೇಡಿಯೋದ ಮುಂದೆ ಕೂತಿದ್ದರು, ಕಾಫಿ ಆರಿಹೋಗಿತ್ತು. ಅಪ್ಪನ ಊರು ಚಿಕ್ಕಮಗಳೂರು. 1978ರ ಉಪಚುನಾವಣೆಗೆ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟು, ಇಂದಿರಾ ಅಲ್ಲಿ ನಿಂತು ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದಾಗ, ನಮ್ಮ ಅಜ್ಜಿ ಹಟ ಹಿಡಿದು ವೋಟು ಹಾಕಿಬಂದಿದ್ದಳು. ತುರ್ತುಪರಿಸ್ಥಿತಿಯನ್ನು ಮರೆಯದ ಅಪ್ಪನಿಗೂ ಅಜ್ಜಿಗೂ ಆ ವಿಷಯದಲ್ಲಿ ಮಾತು ನಿಂತಿತ್ತು. ಆ ಬೆಳಿಗ್ಗೆ ಅಪ್ಪ ಹೇಳಿದ್ದು ಒಂದೇ: "ಅಮ್ಮನಿಗೆ ಯಾರು ಹೇಳಿದರೋ."

ಶಾಲೆಯಲ್ಲಿ ಅವತ್ತು ವೇಷದ ಮೆರವಣಿಗೆ. ನಾನು ಪಂಚೆ ಸುತ್ತಿಕೊಳ್ಳಲು ಹೋದರೆ ಅಮ್ಮ ಬಂದು ಬಿಚ್ಚಿದಳು. "ಇವತ್ತು ಬಿಳಿ ಬೇಡ" ಅಂದಳು, ಬೇರೆ ಏನೂ ಹೇಳಲಿಲ್ಲ. ಇಡೀ ತರಗತಿಯಲ್ಲಿ ಮಾಮೂಲು ಬಟ್ಟೆಯಲ್ಲಿದ್ದವಳು ನಾನೊಬ್ಬಳೇ. ಟೀಚರ್ ಸುದ್ದಿ ಕೇಳಿದ್ದರೆಂದು ಕಾಣುತ್ತದೆ. ನನ್ನ ಕೈಗೆ ಶಾಲೆಯ ಬಾವುಟ ಕೊಟ್ಟು ಮೆರವಣಿಗೆಯ ಮುಂದೆ ನಿಲ್ಲಿಸಿದರು.

ಸಂಜೆ ಸಿಖ್ ಅಂಕಲ್ ಫೋನು ಮಾಡಿದ್ದರು. ಅಪ್ಪ ಮಾತು ಕಡಿಮೆ, ಹೂಂ ಅನ್ನುವುದು ಹೆಚ್ಚು. ಭಾನುವಾರ ನಾವೆಲ್ಲ ಏಮ್ಸ್‌ಗೆ ಹೋದೆವು. ಸಿಖ್ಖರ ಮೇಲೆ ದಾಳಿಗಳಾಗಿದ್ದ ದೆಹಲಿಯಲ್ಲಿದ್ದ ಅವರ ಅಣ್ಣನ ಮನೆಯ ಫೋನು ಎತ್ತುವವರಿರಲಿಲ್ಲ. ಅವರು ಬದುಕಿದ್ದಾರೆಂಬ ತಂತಿ ಬಂದದ್ದು ವಾರದ ಮೇಲೆ. ಆ ಮನೆಯ ಮಕ್ಕಳ ಮಿಠಾಯಿ ಚೀಲ ಕಟ್ಟಿದ್ದು ಕಟ್ಟಿದ ಹಾಗೇ ಮೂಲೆಯಲ್ಲಿತ್ತು. ಅಮ್ಮನೇ ಬಿಚ್ಚಿ ಹಂಚಿದಳು, ಅವತ್ತು ಜೆಲಟಿನ್ ನೋಡಲಿಲ್ಲ.

31 ಅಕ್ಟೋಬರ್, ಗುರುವಾರ

ಐದು ಗಂಟೆಗೆ ಎಣ್ಣೆಸ್ನಾನ. ಸೊಸೆಗೂ ಅವಳ ಅಣ್ಣನಿಗೂ ಹರಳೆಣ್ಣೆ ಹಚ್ಚಿ ಆರತಿ ಎತ್ತಿದೆ. ಸೀಗೆಪುಡಿ ಕಣ್ಣಿಗೆ ಹೋಗಿ ಇಬ್ಬರೂ ಅತ್ತರು. ಪದ್ಧತಿ ಪೂರ್ತಿಯಾಯಿತು.

ಸಂಜೆ ಮಳೆ ಹೋಗಿ ಚಳಿಗಾಳಿ. ಆರು ಗಂಟೆಗೆ ಮಕ್ಕಳ ಜೊತೆ ಹೊರಟಾಗ ಏನೋ ತಪ್ಪಾಗಿದೆ ಅನ್ನಿಸಿತು. ಬೆಳಕಿತ್ತು! ನಮ್ಮ ಕಾಲದಲ್ಲಿ ಗಡಿಯಾರವನ್ನು ಅಕ್ಟೋಬರಿನ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ಹಾಕುತ್ತಿದ್ದರು, ಆರು ಗಂಟೆಗೆ ಕಗ್ಗತ್ತಲು. 2007ರಿಂದ ಅದು ನವೆಂಬರಿನ ಮೊದಲ ಭಾನುವಾರಕ್ಕೆ ಹೋಗಿದೆ. ಕುಂಬಳಕಾಯಿಯ ದೀಪಕ್ಕೆ ಮೊದಲ ಅರ್ಧ ಗಂಟೆ ಕೆಲಸವೇ ಇಲ್ಲ. ಸುರಕ್ಷಿತ, ಒಪ್ಪುತ್ತೇನೆ. ಆದರೆ ಹಲ್ಲು ಬಿದ್ದ ರಾಕ್ಷಸ ಯಾರ ಮನೆಯ ಹುಡುಗ ಅಂತ ದೂರದಿಂದಲೇ ತಿಳಿದುಬಿಟ್ಟರೆ ಆ ರಾಕ್ಷಸನ ಗತಿ?

ಆಮೇಲೆ ತಮ್ಮನನ್ನು ಮಕ್ಕಳ ಜೊತೆ ಕಳಿಸಿ ನಾನು ಬಾಗಿಲಲ್ಲಿ ಕೂತೆ. ಇದೇ ಮೊದಲು, ಈ ಕಡೆಯಿಂದ. "ಮಾಟಗಾತಿಗೆ ಶಾಲೆಯಲ್ಲಿ ಯಾವ ಪಾಠ ಇಷ್ಟ? ಸ್ಪೆಲ್ಲಿಂಗ್!" ಇದು ಮತ್ತೆ ಮತ್ತೆ ಬಂತು. ಪ್ರತಿ ಸಲವೂ ಮೊದಲ ಸಲದ ಹಾಗೆ ನಕ್ಕೆ. ನಮಗೆ ನಕ್ಕವರೂ ಇದನ್ನೇ ಮಾಡಿದ್ದಿರಬೇಕು. ನನ್ನ ನಿಧಾನವಾಗಿ ಚಲಿಸುವ ಹುಡುಗನ ಜೋಕನ್ನು ಆ ಅಜ್ಜ ಮೊದಲೇ ಕೇಳಿದ್ದರೂ ಕೇಳಿರಬಹುದು.

ಒಂದು ಪುಟ್ಟ ಡೈನೋಸಾರ್ ಬಂತು. ಜೋಕು ಮರೆತುಹೋಗಿತ್ತು. ಅವನ ಅಮ್ಮ ಹಿಂದಿನಿಂದ ಹೇಳಿಕೊಡಲು ಬಂದರೆ ಬೇಡವೆಂದು ಕೈ ಅಡ್ಡ ಹಿಡಿದ. ಕಾದೆ. ಹಿಂದೆ ಸಾಲು ಬೆಳೆಯಿತು. ಕೊನೆಗೆ, "ನಮ್ಮ ನಾಯಿ ಹೂಸು ಬಿಡುತ್ತೆ" ಅಂದ. ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಎರಡು ಮಿಠಾಯಿ ಕೊಟ್ಟೆ.

1 ನವೆಂಬರ್, ಶುಕ್ರವಾರ

ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ಇವತ್ತು ಮೊದಲ ಸಲ ದೀಪಾವಳಿ ರಜೆಯಂತೆ. ಇಲ್ಲಿ ಇಲ್ಲ. ಮಕ್ಕಳು ಶಾಲೆಗೆ ಹೋಗಿಬಂದ ಮೇಲೆ ಮ್ಯಾಡ್ರಿಡ್ ಎಂಬ ಊರಿನ ಹತ್ತಿರದ ದೇವಸ್ಥಾನಕ್ಕೆ ಹೋದೆವು. ಸುತ್ತ ಹೊಲ. ಅಪ್ಪ ಇದ್ದಿದ್ದರೆ ಕಾರು ನಿಲ್ಲಿಸಿ ಕಟಾವಾದ ಜೋಳದ ಕೂಳೆ ನೋಡಲು ಇಳಿಯುತ್ತಿದ್ದರು.

ದಾರಿಯಲ್ಲಿ ತಮ್ಮನೂ ಅವನ ಹೆಂಡತಿಯೂ ತಾರೀಖಿನ ವಿಷಯಕ್ಕೆ ಜಗಳ ಆಡಿದರು. ಅವಳು ಹೊರಗಿನಿಂದ ಬಂದವಳು, ಇಡೀ ದೇಶದ ಹಾಗೆ 31ಕ್ಕೇ ಇರಲಿ ಅನ್ನುತ್ತಾಳೆ. ಅವನು 30 ಬಿಡಲೊಲ್ಲ. ನಡುವೆ ನನ್ನನ್ನು ಕೇಳಿದರು. 30 ಆದರೂ ಸರಿ, 31 ಆದರೂ ಸರಿ, ನನ್ನ ತಕರಾರಿಲ್ಲ ಅಂದೆ. ಬಾಯಿಬಿಡದೆ ಚೀಲ ಒಡ್ಡಿದ ಮಕ್ಕಳಿಗೂ ಈಗ ಕೆಲವು ಮನೆಗಳಲ್ಲಿ ಮಿಠಾಯಿ ಸುರಿದು ಕಳಿಸುತ್ತಿದ್ದಾರೆ ಎಂದು ಸೊಸೆ ದೂರು ಹೇಳಿದಳು. ತಪ್ಪು. ಜೋಕ್ ಕೇಳಿಯೇ ಕೊಡಬೇಕು.